ಬದುಕುವ ಬೆಳಕು, ಹಬ್ಬುವ ಬೆಳಕು

ಸಿಹಿನೀರಿನ ಅಕ್ವೇರಿಯಂನಲ್ಲಿ ಗಿಡ ಬೆಳೆಸುವವರ ನಡುವೆ ಒಂದು ನಂಬಿಕೆ ಬಲವಾಗಿ ಬೇರೂರಿದೆ. ತೊಟ್ಟಿಯ ಮುಂಭಾಗದ ನೆಲವನ್ನು ಹಸಿರಿನಿಂದ ಮುಚ್ಚುವ ಗಿಡಗಳಲ್ಲಿ ಕೆಲವಕ್ಕೆ ತೀಕ್ಷ್ಣ ಬೆಳಕು ಬೇಕು, ಕೆಲವಕ್ಕೆ ಮಂದ ಬೆಳಕೇ ಸಾಕು. ಹಾಗಾಗಿ ಸಾಧಾರಣ ದೀಪ ಇಟ್ಟುಕೊಂಡವರು ‘ಲೋ ಲೈಟ್ ಕಾರ್ಪೆಟ್’ ಎಂದು ಹೆಸರಾದ ಗಿಡಗಳನ್ನೇ ಆರಿಸಿ ನೆಟ್ಟರೆ, ತಡವಾದರೂ ಸರಿ, ಕೊನೆಗೆ ಹುಲ್ಲುಹಾಸು ಸಿಕ್ಕೇ ಸಿಗುತ್ತದೆ ಎಂಬುದು ಆ ನಂಬಿಕೆ. ಅಂಗಡಿಯವರು ಹೀಗೇ ಹೇಳುತ್ತಾರೆ, ಹವ್ಯಾಸಿಗಳು ಒಬ್ಬರಿಗೊಬ್ಬರು ಹೀಗೇ ಸಲಹೆ ಕೊಡುತ್ತಾರೆ, ಗಿಡ ಮಾರುವ ಸಂಸ್ಥೆಗಳ ಪಟ್ಟಿಗಳೂ ಬೆಳಕನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಖಾನೆಗಳಲ್ಲಿ ವಿಂಗಡಿಸಿ ಇದಕ್ಕೆ ಒತ್ತಾಸೆಯಾಗುತ್ತವೆ. ಗಿಡ ಹಬ್ಬದೇ ಹೋದರೆ ಅದಕ್ಕೂ ಎರಡು ಕಾರಣ ಸಿದ್ಧವಾಗಿವೆ: ಆರಿಸಿದ ಜಾತಿ ಸರಿಯಿಲ್ಲ, ಇಲ್ಲವೇ ತಾಳ್ಮೆ ಸಾಲದು. ಬಹುಪಾಲು ಸಂದರ್ಭಗಳಲ್ಲಿ ಈ ಎರಡೂ ನಿಜವಾದ ಕಾರಣಗಳಲ್ಲ. ಗೊಂದಲ ಇರುವುದು ನಂಬಿಕೆಯ ಬುಡದಲ್ಲೇ ಎಂಬುದು ನನ್ನ ವಾದ.

ಮೊದಲು ಈ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಬೆಳಕಿನ ಅಗತ್ಯ ಜಾತಿಯಿಂದ ಜಾತಿಗೆ ಬದಲಾಗುತ್ತದೆ ಎಂಬುದು ಸತ್ಯ. ಪಶ್ಚಿಮ ಆಫ್ರಿಕದ ಕಾಡುತೊರೆಗಳ ಅನುಬಿಯಾಸ್ ಸಹಿಸುವ ಮಬ್ಬಿನಲ್ಲಿ ಕ್ಯೂಬಾ ಮೂಲದ ಹೆಮಿಯಾಂಥಸ್ ಕ್ಯಾಲಿಟ್ರಿಕಾಯ್ಡಿಸ್ ಹೆಚ್ಚು ಕಾಲ ಉಳಿಯದು. ಹೊಸಬರಿಗೆ ಒಂದು ಸರಳ ವಿಂಗಡಣೆ ಬೇಕು ಎಂಬುದೂ ಸತ್ಯ. ಅದಿಲ್ಲದೆ ಅವರು ಕಣ್ಣಿಗೆ ಕಂಡ ಹಸಿರನ್ನೆಲ್ಲ ತಂದು ಕೊಳೆಸಿಬಿಡುತ್ತಾರೆ. ಹುಲ್ಲುಹಾಸಿನ ಆಸೆಯೂ ಅಕಾರಣವಲ್ಲ. ಜಪಾನಿನ ನಿಗಾಟದ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ತಮ್ಮ ತೊಟ್ಟಿಗಳ ಚಿತ್ರಗಳಿಂದ, ವಿಶೇಷವಾಗಿ 1990ರ ದಶಕದಲ್ಲಿ ಹೊರಬಂದ ‘ನೇಚರ್ ಅಕ್ವೇರಿಯಂ ವರ್ಲ್ಡ್’ ಪುಸ್ತಕಗಳಿಂದ, ನೀರೊಳಗಿನ ಹುಲ್ಲುಗಾವಲಿನ ಕಲ್ಪನೆಯನ್ನು ಜಗತ್ತಿನ ಮನಸ್ಸಿನಲ್ಲಿ ನೆಟ್ಟರು. ರಿಕ್ಸಿಯಾ, ಗ್ಲಾಸೊಸ್ಟಿಗ್ಮಾ ಮುಂತಾದ ಗಿಡಗಳು ತೊಟ್ಟಿಯ ಮುಂಭಾಗಕ್ಕೆ ಬಂದದ್ದು ಹೆಚ್ಚಾಗಿ ಅವರ ಪ್ರಭಾವದಿಂದ. ಆದರೆ ಆ ಹಾಸುಗಳ ಹಿಂದೆ ಪ್ರಖರ ದೀಪಗಳಿದ್ದವು, ಸಿಲಿಂಡರಿನಿಂದ ಗುಳ್ಳೆಗುಳ್ಳೆಯಾಗಿ ನೀರಿಗೆ ಬೆರೆಯುತ್ತಿದ್ದ ಇಂಗಾಲದ ಡೈಆಕ್ಸೈಡ್ ಇತ್ತು, ಪೋಷಕಾಂಶ ತುಂಬಿದ ಮಣ್ಣಿತ್ತು. ನೋಡುಗರ ಕಣ್ಣಿಗೆ ಬಿದ್ದದ್ದು ಹಾಸು ಮಾತ್ರ. ಆಸೆ ಉಳಿದು ಅದರ ಷರತ್ತುಗಳು ಮರೆಯಾದಾಗ, ಅದೇ ಹಾಸನ್ನು ಮಂದ ಬೆಳಕಿನಲ್ಲಿ ಕೊಡುವ ಗಿಡ ಎಲ್ಲೋ ಇರಲೇಬೇಕು ಎಂಬ ನಿರೀಕ್ಷೆ ಹುಟ್ಟಿತು.

ಗೊಂದಲ ಎಲ್ಲಿದೆ? ಒಂದು ಗಿಡಕ್ಕೆ ಎಷ್ಟು ಬೆಳಕು ಸಾಕು ಎಂದು ಕೇಳುವಾಗ, ಯಾವುದಕ್ಕೆ ಸಾಕು ಎಂದು ಕೇಳುವುದನ್ನು ನಾವು ಬಿಟ್ಟುಬಿಡುತ್ತೇವೆ. ಗಿಡ ಉಪಯೋಗಿಸಬಲ್ಲ ಬೆಳಕನ್ನು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳ ಲೆಕ್ಕದಲ್ಲಿ, ಮೈಕ್ರೋಮೋಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಹಗಲ ತೆರೆದ ಬಿಸಿಲು ಸುಮಾರು 2000 ಮೈಕ್ರೋಮೋಲ್. ಹವ್ಯಾಸಿಗಳು ಮಂದ ಬೆಳಕಿನದು ಎಂದು ಕರೆಯುವ ತೊಟ್ಟಿಯ ತಳದಲ್ಲಿ 20–30 ಇದ್ದರೆ ಹೆಚ್ಚು. ಎಂದರೆ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು. ಈ ಅಳತೆಯ ಮೇಲೆ, ಮುಂಭಾಗದ ಯಾವುದೇ ಗಿಡಕ್ಕೂ ಬೇರೆಬೇರೆ ಎತ್ತರದ ನಾಲ್ಕು ಹೊಸ್ತಿಲುಗಳಿವೆ:

1. ಸಾಯದಿರುವ ಹೊಸ್ತಿಲು. ದ್ಯುತಿಸಂಶ್ಲೇಷಣೆಯಿಂದ ಗಿಡ ತಯಾರಿಸುವ ಸಕ್ಕರೆ ಅದರ ಉಸಿರಾಟದಲ್ಲಿ ಕರಗುವ ಸಕ್ಕರೆಗೆ ಸರಿದೂಗುವ ಮಟ್ಟ ಇದು. ನೆಲದ ಮೇಲಿನ ನೆರಳುಗಿಡಗಳಲ್ಲಿ ಇದು 1ರಿಂದ 5 ಮೈಕ್ರೋಮೋಲ್, ಬಿಸಿಲಿನ ಗಿಡಗಳಲ್ಲಿ 10ರಿಂದ 20.

2. ಬೆಳೆಯುವ ಹೊಸ್ತಿಲು. ಹಗಲಿನ ಉಳಿಕೆ ರಾತ್ರಿಯ ಉಸಿರಾಟವನ್ನೂ ಬೇರಿನ ಅಗತ್ಯವನ್ನೂ ಪೂರೈಸಿ, ಹೊಸ ಎಲೆ ಕಟ್ಟುವಷ್ಟು ಮಿಗಬೇಕು.

3. ನೆಲಕ್ಕಂಟಿ ಅಡ್ಡಡ್ಡ ಹರಡುವ ಹೊಸ್ತಿಲು. ಇಲ್ಲಿ ಬೆಳವಣಿಗೆಯ ಪ್ರಮಾಣಕ್ಕಿಂತ ಅದರ ದಿಕ್ಕು ಮುಖ್ಯ.

4. ನೆಲ ಮುಚ್ಚುವ ಹೊಸ್ತಿಲು. ಹಳೆಯ ಎಲೆ ಸಾಯುವ, ಪಾಚಿ ಕಟ್ಟುವ, ಮೀನು ಕಿತ್ತೆಸೆಯುವ ವೇಗವನ್ನು ಮೀರಿ ಗಿಡ ಹೆಣೆದುಕೊಳ್ಳಬೇಕು. ಹಾಸಿನ ಅಡಿಪದರಕ್ಕೂ ಬದುಕುವಷ್ಟು ಬೆಳಕು ಇಳಿಯಬೇಕು.

ಪಟ್ಟಿಗಳು ಒಂದು ಗಿಡವನ್ನು ಮಂದ ಬೆಳಕಿನ ಖಾನೆಗೆ ಹಾಕುವಾಗ ಸಾಮಾನ್ಯವಾಗಿ ಮೊದಲನೆಯ, ಹೆಚ್ಚೆಂದರೆ ಎರಡನೆಯ ಹೊಸ್ತಿಲನ್ನು ಹೇಳುತ್ತಿರುತ್ತವೆ. ಕೊಳ್ಳುವವರು ನಾಲ್ಕನೆಯದನ್ನು ಕೇಳಿಸಿಕೊಳ್ಳುತ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೂ ಫಲಿತಾಂಶ ಸುಳ್ಳಾಗುತ್ತದೆ. ಈ ನಾಲ್ಕು ಹೊಸ್ತಿಲುಗಳ ನಡುವಿನ ಅಂತರ ಎಲ್ಲ ಗಿಡಗಳಲ್ಲೂ ಒಂದೇ ಆಗಿದ್ದರೆ ತೊಂದರೆ ಇರುತ್ತಿರಲಿಲ್ಲ. ಮೊದಲನೆಯದು ತಿಳಿದರೆ ನಾಲ್ಕನೆಯದನ್ನು ಊಹಿಸಬಹುದಿತ್ತು. ಅಂತರ ಒಂದೇ ಅಲ್ಲ, ಮತ್ತು ಅತಿ ದೊಡ್ಡ ಅಂತರ ಇರುವುದು ಹುಲ್ಲುಹಾಸಿಗೆಂದೇ ಹೆಸರಾದ ಗಿಡಗಳಲ್ಲಿ. ಇದು ಕಾಕತಾಳೀಯವಲ್ಲ ಎಂದು ತೋರಿಸಬೇಕಾದರೆ ಆ ಗಿಡಗಳು ತಮ್ಮ ನೆಲೆಯಲ್ಲಿ ಹೇಗೆ ಬಾಳುತ್ತವೆ ಎಂದು ನೋಡಬೇಕು.

ಅಕ್ವೇರಿಯಂನ ಕಾರ್ಪೆಟ್ ಗಿಡಗಳಲ್ಲಿ ಹೆಚ್ಚಿನವು ಸದಾ ನೀರಿನಡಿಯಲ್ಲೇ ಬಾಳುವ ಗಿಡಗಳಲ್ಲ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಗ್ಲಾಸೊಸ್ಟಿಗ್ಮಾ, ದಕ್ಷಿಣ ಅಮೆರಿಕದಿಂದ ಬಂದು ‘ಮಾಂಟೆ ಕಾರ್ಲೊ’ ಎಂದು ಮಾರಾಟವಾಗುವ ಮೈಕ್ರಾಂಥೆಮಮ್, ಸೂಜಿಯಂಥ ಎಲಿಯೊಕಾರಿಸ್, ನಮ್ಮ ಪಶ್ಚಿಮ ಘಟ್ಟದ ಜೌಗು ಬಯಲುಗಳಲ್ಲೂ ಕಾಣುವ ಯುಟ್ರಿಕ್ಯುಲೇರಿಯಾ ಗ್ರಾಮಿನಿಫೋಲಿಯಾ, ಇವೆಲ್ಲ ನೀರು ಏರಿಳಿಯುವ ದಡಗಳ, ಕೆಸರಿನ, ತೇವದ ಬಯಲಿನ ಗಿಡಗಳು. ಅಲ್ಲಿ ತಲೆಯ ಮೇಲೆ ನೆರಳು ಕಡಿಮೆ, ಬಿಸಿಲು ಧಾರಾಳ. ಬೆಳಕು ನೆಲದವರೆಗೂ ಬೀಳುವಾಗ ಎತ್ತರಕ್ಕೆ ಏರುವುದರಿಂದ ಲಾಭವಿಲ್ಲ. ಪಕ್ಕಕ್ಕೆ ಹರಡಿ ಹೆಚ್ಚು ಜಾಗ ಹಿಡಿಯುವುದೇ ಲಾಭ. ಹಾಸಿನಂತೆ ಬೆಳೆಯುವ ಗುಣ ಬೆಳಕು ಧಾರಾಳವಾಗಿರುವ ಬದುಕಿಗೆ ಹೊಂದಿಕೊಂಡ ಗುಣ. ಬೆಳಕು ಕುಗ್ಗಿದ ಕೂಡಲೇ ಇವುಗಳಲ್ಲಿ ಕಾಂಡದಿಂದ ಹರಡುವ ಗಿಡಗಳ ಗೆಣ್ಣುಗಳ ನಡುವಿನ ಅಂತರ ಹಿಗ್ಗುತ್ತದೆ, ತುದಿ ಮೇಲಕ್ಕೆ ಏಳುತ್ತದೆ, ಇರುವ ಅಲ್ಪ ಸಕ್ಕರೆಯನ್ನೆಲ್ಲ ಗಿಡ ಬೆಳಕಿನ ಕಡೆಗಿನ ಓಟಕ್ಕೆ ಸುರಿಯುತ್ತದೆ. ನಮ್ಮ ಕೆರೆಯಂಚುಗಳ ನೀರುಬ್ರಾಹ್ಮಿಯನ್ನೇ ನೋಡಿ. ಬಿಸಿಲಿನ ಕೆಸರಿನ ಮೇಲೆ ಅದು ನೆಲಕ್ಕೆ ಒತ್ತಿಕೊಂಡು ದಟ್ಟವಾಗಿ ಹರಿದಾಡುತ್ತದೆ. ಅದನ್ನೇ ಅಕ್ವೇರಿಯಂನ ನೀರಿನಲ್ಲಿ ಮುಳುಗಿಸಿದರೆ ನೆಟ್ಟಗೆ ಮೇಲೇಳುತ್ತದೆ. ಗಿಡ ಅದೇ, ಬದಲಾದದ್ದು ಪರಿಸ್ಥಿತಿ. ಮಾವಿನ ಮರದ ದಟ್ಟ ನೆರಳಿನಲ್ಲಿ ಗರಿಕೆ ಹಾಸು ಕಟ್ಟುವುದಿಲ್ಲ ಎಂಬುದನ್ನು ನಮ್ಮಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಅಲ್ಲಿ ಗರಿಕೆಯ ಇನ್ನೊಂದು ತಳಿ ಹುಡುಕುತ್ತ ಯಾರೂ ಹೊರಡುವುದಿಲ್ಲ, ನೆರಳಿನ ಗಿಡ ಯಾವುದೆಂದು ಯೋಚಿಸುತ್ತಾರೆ. ತೊಟ್ಟಿಯ ವಿಷಯದಲ್ಲಿ ಮಾತ್ರ ಈ ವಿವೇಕ ನಮ್ಮ ಕೈಬಿಡುತ್ತದೆ.

ಹಾಗಾದರೆ ನೆರಳು ತಾಳುವ ಜಲಸಸ್ಯಗಳು ನೆಲ ಮುಚ್ಚುವುದಿಲ್ಲವೇ? ಮುಚ್ಚುತ್ತವೆ, ದಾರಿ ಬೇರೆ. ಕ್ರಿಪ್ಟೊಕೊರಿನ್ ಬಗೆಯ ಗಿಡಗಳಿಗೆ ನೆಲದ ಮೇಲೆ ಮಲಗುವ ಕಾಂಡವೇ ಇಲ್ಲ. ಅವು ಎಲೆಗಳ ಗುಚ್ಛವಾಗಿ ಬೆಳೆದು, ಮರಳಿನೊಳಗೆ ಹಬ್ಬುಕಾಂಡ ಚಾಚಿ ಪಕ್ಕದಲ್ಲಿ ಮರಿ ಹಾಕುತ್ತವೆ. ಮಾರ್ಸಿಲಿಯಾ ಒಂದು ಜರೀಗಿಡ. ಅದರ ತೆವಳುವ ಬೇರುಕಾಂಡದಿಂದ ಎಲೆಗಳು ಒಂದೊಂದಾಗಿ ಏಳುತ್ತವೆ. ಜಾವಾ ಮಾಸ್‌ಗೆ ಬೇರೇ ಇಲ್ಲ. ಕಲ್ಲಿಗೋ ಜಾಲರಿಗೋ ಕಟ್ಟಿದಲ್ಲಿ ಅದು ಪದರಪದರವಾಗಿ ದಪ್ಪವಾಗುತ್ತದೆ. ಈ ಮೂರರಲ್ಲೂ ಹರಡುವ ಅಂಗ ಬೆಳಕಿನ ಕಡೆಗೆ ಓಡುವ ಕಾಂಡವಲ್ಲ; ಆದ್ದರಿಂದ ಮೂರನೆಯ ಹೊಸ್ತಿಲು ಇವುಗಳಿಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೆ ಇವು ಕಟ್ಟುವುದು ಹುಲ್ಲುಹಾಸಲ್ಲ. ಏರಿಳಿತದ, ನೆರಳು ಬೆಳಕಿನ, ಅಲ್ಲಲ್ಲಿ ಮರಳು ಇಣುಕುವ ಹೊದಿಕೆ. ಒಟ್ಟಿನಲ್ಲಿ ನೆರಳು ತಾಳುವ ಗುಣ ಮತ್ತು ಹಾಸಿನಂತೆ ಮಲಗುವ ಗುಣ ಎರಡು ಭಿನ್ನ ಜೀವನಕ್ರಮಗಳಿಗೆ ಸೇರಿದವು. ಎರಡನ್ನೂ ಒಂದೇ ಗಿಡದಲ್ಲಿ ಹುಡುಕುವುದು ಎಂದರೆ ಪರಸ್ಪರ ವಿರುದ್ಧವಾದ ಬೇಡಿಕೆಗಳನ್ನು ಒಂದೇ ಉಸಿರಿನಲ್ಲಿ ಮುಂದಿಡುವುದು.

ಇಲ್ಲಿ ಅನುಭವದ ಪುರಾವೆ ಎದ್ದು ನಿಲ್ಲುತ್ತದೆ. “ನನ್ನ ತೊಟ್ಟಿಯಲ್ಲಿ ತಿಂಗಳಿಗೂ ಮೇಲೆ ಹಸಿರಾಗಿಯೇ ಇದೆ” ಎಂದು ಹೇಳುವವರು ಎಷ್ಟೋ ಜನ. ಈ ಪುರಾವೆಯ ತೂಕ ಎಷ್ಟು? ಮಾರುಕಟ್ಟೆಗೆ ಬರುವ ಹೆಚ್ಚಿನ ಅಕ್ವೇರಿಯಂ ಗಿಡಗಳು ನರ್ಸರಿಗಳಲ್ಲಿ ನೀರಿನ ಮೇಲೆ, ತೇವದ ಗಾಳಿಯಲ್ಲಿ, ಒಳ್ಳೆಯ ಬೆಳಕಿನಲ್ಲಿ ಬೆಳೆದವು. ಉಳಿದವುಗಳಲ್ಲಿ ಹಲವು ಪ್ರಯೋಗಾಲಯದ ಸಕ್ಕರೆ ಬೆರೆತ ಮಾಧ್ಯಮದಲ್ಲಿ ಊತಕ ಕೃಷಿಯಿಂದ ಬಂದವು. ಮನೆಗೆ ಬರುವಾಗ ಅವುಗಳ ಎಲೆ, ಬೇರು, ಕಾಂಡಗಳಲ್ಲಿ ಸಂಗ್ರಹವಾದ ಪಿಷ್ಟ ಇರುತ್ತದೆ. ಮೊದಲ ವಾರಗಳಲ್ಲಿ ಮೂಡುವ ಎಲೆಗಳು ಆ ದಾಸ್ತಾನಿನಿಂದ ಕಟ್ಟಿದವಾಗಿರಬಹುದು. ಆ ಅವಧಿಯ ಹಸಿರು ನರ್ಸರಿಯ ಬೆಳಕನ್ನು ತೋರಿಸುತ್ತದೆಯೇ ಹೊರತು ನಿಮ್ಮ ದೀಪವನ್ನಲ್ಲ. ಲೆಕ್ಕಕ್ಕೆ ಹಿಡಿಯಬೇಕಾದ್ದು ನೀರಿನಡಿಯಲ್ಲಿ ಹುಟ್ಟಿದ ಎಲೆಗಳು ಕಟ್ಟಿಕೊಟ್ಟ ಎಲೆಗಳನ್ನು ಮಾತ್ರ. ಎರಡು ಮೂರು ತಿಂಗಳಾದ ಮೇಲೂ ಗಿಡದ ಒಟ್ಟು ಎಲೆ ಹೆಚ್ಚುತ್ತಿದೆಯೇ, ಹೊಸ ಎಲೆಗಳು ಹಳೆಯವುಗಳಿಗಿಂತ ಕಿರಿದಾಗುತ್ತಿವೆಯೇ, ಗೆಣ್ಣುಗಳು ದೂರವಾಗುತ್ತಿವೆಯೇ ಎಂಬುದೇ ನಿಜವಾದ ಪರೀಕ್ಷೆ. ತೊಟ್ಟಿಯನ್ನು ಮೊದಲು ನೀರಿಲ್ಲದೆ ಮುಚ್ಚಿಟ್ಟು, ತೇವದಲ್ಲಿ ಹಾಸು ಬೆಳೆಸಿ, ಆಮೇಲೆ ನೀರು ತುಂಬುವ ವಿಧಾನಕ್ಕೂ ಇದೇ ಮಾತು ಸಲ್ಲುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸಲೀಸಾಗಿ ಸಿಗುವಾಗ ಹಾಸು ಚೆನ್ನಾಗಿ ಕಟ್ಟುತ್ತದೆ ನಿಜ. ಆದರೆ ನೀರು ತುಂಬಿದ ದಿನದಿಂದ ಅದನ್ನು ಉಳಿಸಬೇಕಾದ್ದು ನೀರೊಳಗಿನ ಬೆಳಕೇ. ಆ ವಿಧಾನ ನಾಲ್ಕನೆಯ ಹೊಸ್ತಿಲನ್ನು ಮುಂದೂಡುತ್ತದೆ, ಇಳಿಸುವುದಿಲ್ಲ.

ಬೆಳಕನ್ನು ನಾವು ಅಳೆಯುವ ರೀತಿಯೂ ಈ ಗೊಂದಲಕ್ಕೆ ನೀರೆರೆದಿದೆ. ಲೀಟರಿಗೆ ಇಷ್ಟು ವ್ಯಾಟ್ ಎಂಬ ಹಳೆಯ ಸೂತ್ರ ಟ್ಯೂಬ್‌ಲೈಟ್ ಕಾಲದ್ದು. ಒಂದೇ ಬಗೆಯ ದೀಪಗಳು ಎಲ್ಲೆಡೆ ಇದ್ದಾಗ ಅದರಿಂದ ಒಂದಿಷ್ಟು ಉಪಯೋಗವಿತ್ತು. ಎಲ್‌ಇಡಿಗಳಲ್ಲಿ ಅದೇ ವ್ಯಾಟಿಗೆ ಬೆಳಕಿನ ಪ್ರಮಾಣ ಒಂದರಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತದೆ. ಲ್ಯೂಮೆನ್ ಮನುಷ್ಯರ ಕಣ್ಣಿನ ಸಂವೇದನೆಗೆ ತಕ್ಕ ಅಳತೆ; ಅದು ಹಸಿರು ಬೆಳಕಿಗೆ ಹೆಚ್ಚು ತೂಕ ಕೊಡುತ್ತದೆ, ಕೆಂಪು ನೀಲಿಗಳಿಗೆ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಅಳತೆಗಳೆಲ್ಲ ದೀಪದ ಕಡೆಯವು. ಗಿಡ ಇರುವುದು ತಳದಲ್ಲಿ. ಮುಂಭಾಗದ ನೆಲ ತೊಟ್ಟಿಯಲ್ಲಿ ದೀಪಕ್ಕೆ ಅತಿ ದೂರದ ಜಾಗ. ತಿಳಿನೀರು ಒಂದೆರಡು ಅಡಿಯಲ್ಲಿ ಹೀರಿಕೊಳ್ಳುವ ಬೆಳಕು ಕಡಿಮೆಯೇ. ಬೆಳಕು ಹರಡಿ ಚದುರುವುದರಿಂದ ಆಗುವ ನಷ್ಟ ದೊಡ್ಡದು. ಮರದ ಬೊಡ್ಡೆಯಿಂದ ನೀರು ಚಹಾ ಬಣ್ಣಕ್ಕೆ ತಿರುಗಿದರೆ, ತೇಲುವ ಗಿಡಗಳು ಮೇಲ್ಮೈ ಮುಚ್ಚಿದರೆ, ದೀಪವನ್ನು ಹಿಂದಕ್ಕೆ ಸರಿಸಿಟ್ಟರೆ ಮುಂಭಾಗದ ಪಾಲು ಇನ್ನಷ್ಟು ಕುಸಿಯುತ್ತದೆ. ಹಾಸು ತಾನೇ ತನಗೆ ನೆರಳಾಗುತ್ತದೆ ಎಂಬುದನ್ನೂ ಮರೆಯಬಾರದು. ದಪ್ಪವಾದ ಮಾಂಟೆ ಕಾರ್ಲೊ ಹಾಸು ಒಂದು ದಿನ ಇಡಿಯಾಗಿ ಕಿತ್ತು ತೇಲುವುದನ್ನು ಹಲವರು ಕಂಡಿದ್ದಾರೆ. ಮೇಲ್ಪದರ ಹಸಿರಾಗಿರುವಾಗಲೇ ಅಡಿಪದರ ಸರಿದೂಗುವ ಮಟ್ಟಕ್ಕಿಂತ ಕೆಳಗಿಳಿದು ಕೊಳೆತಿರುತ್ತದೆ.

ಬೆಳಕಿನ ತೀವ್ರತೆ ಸಾಲದಿದ್ದರೆ ಹೆಚ್ಚು ಹೊತ್ತು ದೀಪ ಉರಿಸಿದರಾಯಿತು ಎಂಬ ಪರಿಹಾರವೂ ಪ್ರಚಲಿತವಾಗಿದೆ. ಎರಡನೆಯ ಹೊಸ್ತಿಲನ್ನು ದಾಟಿದ ಗಿಡಕ್ಕೆ ಇದರಿಂದ ಒಂದಿಷ್ಟು ಲಾಭವಿದೆ: ಪ್ರತಿ ಗಂಟೆಯೂ ಏನಾದರೂ ಮಿಗುತ್ತಿದ್ದರೆ ಎಂಟು ಗಂಟೆಗಿಂತ ಹತ್ತು ಗಂಟೆ ಮೇಲು. ಆದರೆ ಬೆಳಕು ಸರಿದೂಗುವ ಮಟ್ಟದಲ್ಲೇ ನಿಂತಿದ್ದರೆ ಪ್ರತಿ ಗಂಟೆಯ ಉಳಿಕೆ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಮೂರನೆಯ ಹೊಸ್ತಿಲಂತೂ ಮುಖ್ಯವಾಗಿ ತೀವ್ರತೆಗೆ ಸಂಬಂಧಿಸಿದ್ದು. ಮಂದ ಬೆಳಕನ್ನು ಎಷ್ಟು ಹೊತ್ತು ಕೊಟ್ಟರೂ ಮೇಲಕ್ಕೆ ಓಡುವ ಕಾಂಡ ಮಲಗುವುದಿಲ್ಲ. ಆ ಹೆಚ್ಚುವರಿ ಗಂಟೆಗಳಿಂದ ಖಚಿತ ಲಾಭ ಪಡೆಯುವುದು ಪಾಚಿ. ಅದಕ್ಕೆ ಬೇರು ಕಾಂಡಗಳನ್ನು ಸಾಕುವ ಭಾರವಿಲ್ಲ. ಅಲ್ಪ ಬೆಳಕಿನಲ್ಲೇ ಅದು ಹೆಚ್ಚುತ್ತದೆ, ನಿಧಾನವಾಗಿ ಬೆಳೆಯುವ ಎಲೆಯ ಮೇಲೇ ಬಂದು ಕೂರುತ್ತದೆ.

ಇನ್ನು ಬೆಳಕಿನ ಹೊಸ್ತಿಲು ಬೆಳಕೊಂದರಿಂದಲೇ ತೀರ್ಮಾನವಾಗುವುದಿಲ್ಲ ಎಂಬ ವಿಚಾರ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನಲ್ಲಿ ಅದು ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಮಾತ್ರ. ಸಿಲಿಂಡರ್ ಬಳಸುವವರು ಗುರಿಯಿಡುವುದು ಸುಮಾರು 30 ಮಿಲಿಗ್ರಾಂಗೆ. ಈ ಅನಿಲ ಪ್ರಖರ ಬೆಳಕಿನ ತೊಟ್ಟಿಗೆ ಮಾತ್ರ ಬೇಕು, ಮಂದ ಬೆಳಕಿನಲ್ಲಿ ವ್ಯರ್ಥ ಎಂಬ ಮಾತು ಮೇಲಿನ ನಂಬಿಕೆಯ ಜೊತೆಜೊತೆಗೇ ಸಾಗಿಬಂದಿದೆ. ಡೆನ್ಮಾರ್ಕಿನ ಸಂಶೋಧಕರು ರಿಕ್ಸಿಯಾ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಸುಳ್ಳಾಗಿಸಿವೆ: ಮಂದ ಬೆಳಕಿನಲ್ಲೂ ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದಾಗ ಬೆಳವಣಿಗೆ ಸ್ಪಷ್ಟವಾಗಿ ಏರಿತು. ಕಾರಣ ಸರಳ. ಇಂಗಾಲ ಸುಲಭವಾಗಿ ಸಿಕ್ಕರೆ ಗಿಡ ಅದನ್ನು ಹಿಡಿಯಲು ವ್ಯಯಿಸುವ ಶಕ್ತಿ ಉಳಿಯುತ್ತದೆ, ಆ ಶಕ್ತಿಯಿಂದ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ಸರಿದೂಗುವ ಮಟ್ಟವೇ ಕೆಳಗಿಳಿಯುತ್ತದೆ. ಹೀಗಿರುವಾಗ ಬೆಳಕಿನ ಅಗತ್ಯವನ್ನು ಜಾತಿಯ ಸ್ಥಿರ ಗುಣವೆಂದು ಪಟ್ಟಿಯಲ್ಲಿ ಬರೆದಿಡುವುದೇ ಅಪೂರ್ಣ. ಅದು ಗಿಡ ಮತ್ತು ತೊಟ್ಟಿ ಎರಡೂ ಸೇರಿ ತೀರ್ಮಾನಿಸುವ ಸಂಗತಿ.

ನಮ್ಮ ನಾಡಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶ ಉಷ್ಣಾಂಶ. ಉಷ್ಣಾಂಶ 10 ಡಿಗ್ರಿ ಏರಿದರೆ ಗಿಡದ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ. 24 ಡಿಗ್ರಿಯ ತೊಟ್ಟಿಗೆ ಹೋಲಿಸಿದರೆ ಮಂಗಳೂರಿನ ಅಥವಾ ರಾಯಚೂರಿನ ಬೇಸಿಗೆಯಲ್ಲಿ 30 ಡಿಗ್ರಿ ಮುಟ್ಟಿದ ತೊಟ್ಟಿಯಲ್ಲಿ ಅದೇ ಗಿಡ ಸುಮಾರು ಒಂದೂವರೆ ಪಟ್ಟು ಸಕ್ಕರೆಯನ್ನು ಉಸಿರಾಟದಲ್ಲಿ ಕಳೆಯುತ್ತದೆ. ಮಂದ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆಯನ್ನು ಬೆಳಕೇ ಕಟ್ಟಿಹಾಕಿರುವುದರಿಂದ ಸಕ್ಕರೆಯ ತಯಾರಿ ಅದಕ್ಕೆ ತಕ್ಕಂತೆ ಏರುವುದಿಲ್ಲ. ಜೊತೆಗೆ ಬಿಸಿನೀರಿನಲ್ಲಿ ಅನಿಲ ಕರಗುವುದೂ ಕಡಿಮೆ. ಆದ್ದರಿಂದ ತಂಪಾದ ದೇಶದ ತೊಟ್ಟಿಗಳನ್ನು ಗಮನದಲ್ಲಿಟ್ಟು ಬರೆದ ಶಿಫಾರಸು ನಮ್ಮಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿ ಎರಡನೆಯ ಹೊಸ್ತಿಲು ದಾಟಿದ ಗಿಡ ಇಲ್ಲಿ ಮೊದಲನೆಯದರಲ್ಲೇ ತೂಗಾಡಬಹುದು. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲಿ ಚೇತರಿಸಿಕೊಂಡ ಗಿಡ ಏಪ್ರಿಲಿನಲ್ಲಿ ಸೊರಗಿದರೆ ಗೊಬ್ಬರವನ್ನು ದೂರುವ ಮುನ್ನ ನೀರಿನ ಉಷ್ಣಾಂಶ ನೋಡುವುದು ಒಳ್ಳೆಯದು.

ಈ ವಾದಕ್ಕೆ ಗಂಭೀರವಾದ ಆಕ್ಷೇಪಣೆಗಳಿವೆ. ಮೊದಲನೆಯದು: ಸಿಲಿಂಡರಿಲ್ಲದೆ, ಸಾಧಾರಣ ದೀಪದಲ್ಲಿ ಸೊಗಸಾದ ಹಾಸು ಬೆಳೆಸಿದವರು ಇದ್ದಾರಲ್ಲ? ಇದ್ದಾರೆ, ಅವರ ಸಾಧನೆಯನ್ನು ಅಲ್ಲಗಳೆಯುವುದು ಸಲ್ಲ. ಆದರೆ ಅಂಥ ತೊಟ್ಟಿಗಳನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಏನಾದರೊಂದು ಕಾಣುತ್ತದೆ: ಒಂದು ಅಡಿಗಿಂತ ಕಡಿಮೆ ಆಳದ ನೀರು, ಕಿಟಕಿಯಿಂದ ದಿನದ ಕೆಲವು ಗಂಟೆ ಬೀಳುವ ಹಗಲು ಬೆಳಕು, ಅಥವಾ ಸಾವಯವ ಅಂಶ ಕೊಳೆಯುತ್ತ ಇಂಗಾಲದ ಡೈಆಕ್ಸೈಡ್ ಬಿಡುವ ಮಣ್ಣು. ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ‘ಇಕಾಲಜಿ ಆಫ್ ದ ಪ್ಲಾಂಟೆಡ್ ಅಕ್ವೇರಿಯಂ’ ಪುಸ್ತಕದಲ್ಲಿ ಪ್ರತಿಪಾದಿಸಿದ ಸರಳ ತೊಟ್ಟಿಯ ಬಲ ಇರುವುದು ಈ ಮಣ್ಣು ಮತ್ತು ಕಿಟಕಿಯ ಬೆಳಕಿನಲ್ಲೇ. ಇವು ಹೊಸ್ತಿಲನ್ನು ಇಳಿಸಿವೆ ಅಥವಾ ಬೆಳಕನ್ನು ಏರಿಸಿವೆ. ಆ ಯಶಸ್ಸು ಹೊಸ್ತಿಲುಗಳು ಇಲ್ಲವೆಂದು ತೋರಿಸುವುದಿಲ್ಲ; ಅವನ್ನು ದಾಟುವ ಇನ್ನೊಂದು ದಾರಿಯನ್ನು ತೋರಿಸುತ್ತದೆ.

ಎರಡನೆಯ ಆಕ್ಷೇಪಣೆ: ಹಾಗಿದ್ದರೆ ಬೆಳಕನ್ನೇ ಏರಿಸಬಹುದಲ್ಲ, ಇಷ್ಟು ವಾದ ಏಕೆ? ಏರಿಸಬಹುದು, ಆದರೆ ಅದರ ಜೊತೆಗೆ ಇಂಗಾಲವನ್ನೂ ಪೋಷಕಾಂಶವನ್ನೂ ಏರಿಸುವ ಸಿದ್ಧತೆ ಇರಬೇಕು. ಯಾವ ಅಂಶ ಅತಿ ಕಡಿಮೆಯಿದೆಯೋ ಅದೇ ಬೆಳವಣಿಗೆಗೆ ಮಿತಿ ಹಾಕುತ್ತದೆ ಎಂಬುದು 19ನೆಯ ಶತಮಾನದಲ್ಲಿ ಯುಸ್ಟಸ್ ಲೀಬಿಗ್ ಪ್ರಚುರಪಡಿಸಿದ ತತ್ವ. ಬೆಳಕಿನ ಕೊರತೆ ನೀಗಿದ ಕ್ಷಣವೇ ಇಂಗಾಲದ ಕೊರತೆ ಆ ಜಾಗಕ್ಕೆ ಬರುತ್ತದೆ, ಗಿಡ ಬಳಸಲಾರದ ಬೆಳಕು ಪಾಚಿಗೆ ಸಿಗುತ್ತದೆ. ಜೊತೆಗೆ ತೊಟ್ಟಿ ಮೀನುಗಳದ್ದೂ ಹೌದು. ಕಾಡಿನ ನೆರಳು ಕವಿದ ತೊರೆಗಳಿಂದ ಬಂದ ಮೀನುಗಳಿಗೆ ಕಣ್ಣು ಕುಕ್ಕುವ ಬಯಲಿಗಿಂತ ಮಬ್ಬು ಹಿತ. ಮಂದ ಬೆಳಕಿನ ತೊಟ್ಟಿಯನ್ನು ಒಂದು ಕೊರತೆಯಾಗಿ ನೋಡುವ ಬದಲು ಅದಕ್ಕೂ ತನ್ನದೇ ಆದ ನ್ಯಾಯವಿದೆ ಎಂದು ಒಪ್ಪಬೇಕು.

ಮೂರನೆಯ ಆಕ್ಷೇಪಣೆ ಹೆಚ್ಚು ಪ್ರಾಯೋಗಿಕ: ಹೊಸಬರಿಗೆ ನಾಲ್ಕು ಹೊಸ್ತಿಲುಗಳ ಪಾಠ ಹೇಳಿದರೆ ಅವರು ಗಾಬರಿಯಾಗುತ್ತಾರೆ, ಒರಟಾದ ಪಟ್ಟಿಯೇ ಲೇಸು. ಪಟ್ಟಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಒರಟು ಪಟ್ಟಿ ಎಂಥ ತಪ್ಪಿಗೆ ದಾರಿ ಮಾಡುತ್ತದೆ ಎಂಬುದಕ್ಕೆ ಶ್ರೀಲಂಕಾದ ಕ್ರಿಪ್ಟೊಕೊರಿನ್ ಪಾರ್ವ ಒಳ್ಳೆಯ ಉದಾಹರಣೆ. ತನ್ನ ಕುಲದಲ್ಲೇ ಅತಿ ಚಿಕ್ಕ ಗಿಡ ಅದು. ಕ್ರಿಪ್ಟೊಕೊರಿನ್‌ಗಳು ನೆರಳು ತಾಳುತ್ತವೆ, ಇದು ಚಿಕ್ಕದು, ಆದ್ದರಿಂದ ಮಂದ ಬೆಳಕಿನ ಮುಂಭಾಗಕ್ಕೆ ಇದಕ್ಕಿಂತ ತಕ್ಕ ಗಿಡವಿಲ್ಲ ಎಂಬ ತರ್ಕ ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ನೀರಿನಡಿಯಲ್ಲಿ ಪಾರ್ವದ ಎಲೆ ಬಹುಪಾಲು ತೊಟ್ಟೇ ಆಗಿ, ಅಗಲವಾದ ಭಾಗ ಕಿರಿದಾಗಿರುತ್ತದೆ. ಬೆಳಕು ಹಿಡಿಯುವ ಮೇಲ್ಮೈ ಅಲ್ಪ. ಆದ್ದರಿಂದ ಅದಕ್ಕೆ ತನ್ನ ಬಳಗದ ಇತರರಿಗಿಂತ ಹೆಚ್ಚು ಬೆಳಕು ಬೇಕು, ಬೆಳವಣಿಗೆಯೂ ಅತಿ ನಿಧಾನ. ಒರಟು ಪಟ್ಟಿಯನ್ನು ನಂಬಿದ ಹೊಸಬರು ಇಲ್ಲಿ ಸೋಲುತ್ತಾರೆ, ಸೋತ ಮೇಲೆ ತಮ್ಮ ಕೈಗುಣವನ್ನು ಹಳಿದುಕೊಂಡು ಹವ್ಯಾಸವನ್ನೇ ಬಿಡುತ್ತಾರೆ. ನನಗೆ ನೋವು ತರುವುದು ಇದೇ. ಆಸಕ್ತಿ, ಶ್ರದ್ಧೆ, ಹಣ ಮೂರನ್ನೂ ಹಾಕಿದ ಮನುಷ್ಯನಿಗೆ ಅಸಾಧ್ಯವಾದುದನ್ನು ಸುಲಭ ಎಂದು ಹೇಳಿ ಕಳಿಸುವುದು ಸರಳೀಕರಣವಲ್ಲ, ಅನ್ಯಾಯ.

ಹಾಗಾದರೆ ಆರಿಸುವುದು ಹೇಗೆ? ಜಾತಿಯ ಹೆಸರಿನಿಂದ ಹೊರಡದೆ ಮೂರು ಪ್ರಶ್ನೆಗಳಿಂದ ಹೊರಡಬೇಕು ಎಂಬುದು ಮೇಲಿನ ವಾದದ ನೇರ ಫಲ.

1. ನನ್ನ ತೊಟ್ಟಿಯ ಮುಂಭಾಗದ ತಳದಲ್ಲಿ ನಿಜವಾಗಿ ಎಷ್ಟು ಬೆಳಕಿದೆ? ಅಳೆಯುವ ಉಪಕರಣ ದುಬಾರಿಯಾದರೆ, ಬಿಳಿ ಎಲ್‌ಇಡಿಯ ಕೆಳಗೆ ಲಕ್ಸ್ ಅಳತೆಯನ್ನು ಸುಮಾರು 70ರಿಂದ ಭಾಗಿಸಿದರೆ ಮೈಕ್ರೋಮೋಲಿನ ಒಂದು ಒರಟು ಅಂದಾಜು ಸಿಗುತ್ತದೆ. ಅದೂ ಇಲ್ಲದಿದ್ದರೆ ಅಗ್ಗದ ಕಾಂಡದ ಗಿಡವೊಂದನ್ನು ಅಲ್ಲಿ ನೆಟ್ಟು ಗೆಣ್ಣುಗಳ ಅಂತರ ಗಮನಿಸಬಹುದು; ಗೆಣ್ಣು ದೂರವಾದರೆ ಮೂರನೆಯ ಹೊಸ್ತಿಲು ದೂರವಿದೆ ಎಂದರ್ಥ.

2. ಈ ಗಿಡ ಹರಡುವುದು ಯಾವ ಅಂಗದಿಂದ? ನೆಲದ ಮೇಲೆ ಮಲಗುವ ಕಾಂಡದಿಂದಾದರೆ ಮಂದ ಬೆಳಕಿನಲ್ಲಿ ಹಾಸಿನ ಆಸೆ ಬಿಡಬೇಕು. ಹಬ್ಬುಕಾಂಡ, ಬೇರುಕಾಂಡ, ಅಂಟಿಕೊಳ್ಳುವ ಪದರ ಇವುಗಳಿಂದಾಗಿ, ಗಿಡವೂ ನೆರಳು ತಾಳುವಂಥದ್ದಾದರೆ ಭರವಸೆ ಇದೆ.

3. ನಾನು ಬಯಸುವುದು ಯಾವ ಹೊಸ್ತಿಲಿನ ಫಲ? ಬದುಕಿ ನಿಲ್ಲುವ ಹಸಿರೇ, ನಿಧಾನವಾಗಿ ಹೆಚ್ಚುವ ಹೊದಿಕೆಯೇ, ಮರಳು ಕಾಣದ ಹಾಸೇ?

ಈ ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ಮಂದ ಬೆಳಕಿನಲ್ಲೂ ಆಯ್ಕೆಗಳು ಸಾಕಷ್ಟಿವೆ. ಕ್ರಿಪ್ಟೊಕೊರಿನ್ ವೆಂಡ್ಟಿಯ ಗಿಡ್ಡ ತಳಿಗಳನ್ನೂ ವಿಲಿಸಿಯನ್ನೂ ಮೊದಲೇ ಒತ್ತಾಗಿ ನೆಡಬೇಕು, ಏಕೆಂದರೆ ಅವು ಅಂತರ ತುಂಬುವ ವೇಗವನ್ನು ನೆಚ್ಚುವಂತಿಲ್ಲ. ನೆಟ್ಟ ಮೇಲೆ ಎಲೆ ಕರಗಿದರೂ ಕೀಳಬಾರದು, ಬೇರು ಗಟ್ಟಿಯಿದ್ದರೆ ಹೊಸ ಎಲೆ ಬರುತ್ತದೆ. ಮರಳಿನಡಿಯಲ್ಲಿ ಬೇರಿಗೆ ನೇರವಾಗಿ ಸಿಗುವಂತೆ ಗೊಬ್ಬರದ ಗುಳಿಗೆ ಇಟ್ಟರೆ ಒಳ್ಳೆಯದು. ಮಾರ್ಸಿಲಿಯಾ ಹಿರ್ಸುಟ ತಿಂಗಳುಗಟ್ಟಲೆ ಕಾಯಿಸಿ ಹರಡುತ್ತದೆ. ಅನುಬಿಯಾಸ್ ನಾನಾದ ಪುಟ್ಟ ತಳಿಯನ್ನು ಚಪ್ಪಟೆ ಕಲ್ಲುಗಳಿಗೆ ಕಟ್ಟಿ ಸಾಲಾಗಿ ಇಡಬಹುದು; ಅದರ ಬೇರುಕಾಂಡವನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ. ಸ್ಟೀಲ್ ಜಾಲರಿಗೆ ಕಟ್ಟಿದ ಜಾವಾ ಮಾಸ್ ನೋಟಕ್ಕೆ ಹುಲ್ಲುಹಾಸಿಗೆ ಅತಿ ಹತ್ತಿರ ಬರುತ್ತದೆ, ಆಗಾಗ ಕತ್ತರಿಸಿದರೆ ದಟ್ಟವಾಗಿ ಉಳಿಯುತ್ತದೆ. ಮಾರಿಮೊ ಉಂಡೆಗಳನ್ನು ಬಿಡಿಸಿ ಹಾಸುವವರೂ ಇದ್ದಾರೆ; ಆದರೆ ಅದು ಜಪಾನಿನ ಆಕಾನ್ ಸರೋವರದಂಥ ತಣ್ಣೀರಿನ ಜೀವಿ, ನಮ್ಮ ಬೇಸಿಗೆಯಲ್ಲಿ ಬಳಲುತ್ತದೆ. ಹಸಿರಿಲ್ಲದ ಮುಂಭಾಗವೂ ಒಂದು ಯೋಗ್ಯ ಆಯ್ಕೆ. ಅಮಾನೊ ಅವರ ವಿನ್ಯಾಸಗಳಲ್ಲೂ ಬರಿಯ ಮರಳಿನ ಮುಂಭಾಗಗಳಿವೆ. ಘಟ್ಟದ ನೆರಳುತೊರೆಗಳ ತಳದಲ್ಲಿ ಕಲ್ಲು, ಮರಳು, ಉದುರಿದ ಎಲೆಗಳಿರುತ್ತವೆ. ಬಂಡೆಗಳ ಮೇಲೆ ಮಾಸ್ ಇರುತ್ತದೆ. ಕೆಲವೆಡೆ ಕ್ರಿಪ್ಟೊಕೊರಿನ್‌ಗಳ ಗುಂಪುಗಳಿರುತ್ತವೆ. ನಿಸರ್ಗವೇ ನೆರಳಿನಲ್ಲಿ ಹುಲ್ಲುಹಾಸು ಹಾಸಿಲ್ಲ.

ಅಂಗಡಿಯವರಿಂದ, ಪಟ್ಟಿ ಬರೆಯುವವರಿಂದ ನಾವು ಕೇಳಬೇಕಾದ್ದು ಹೆಚ್ಚೇನಲ್ಲ. ಒಂದು ಗಿಡ ಮಂದ ಬೆಳಕಿನಲ್ಲಿ ಬದುಕುತ್ತದೆಯೋ, ಬೆಳೆಯುತ್ತದೆಯೋ, ಹರಡುತ್ತದೆಯೋ, ನೆಲ ಮುಚ್ಚುತ್ತದೆಯೋ ಎಂಬ ನಾಲ್ಕು ಮಾತುಗಳನ್ನು ಬೇರೆಬೇರೆಯಾಗಿ ಹೇಳಿದರೆ ಸಾಕು. ಎಷ್ಟು ಉಷ್ಣಾಂಶದಲ್ಲಿ ಎಂಬುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಬೆಳೆಸುವವರು ಮಾಡಬೇಕಾದ್ದೂ ಅಷ್ಟೇ: ಹಾಸು ಬೇಕಾದರೆ ಅದಕ್ಕೆ ಬೇಕಾದ ಬೆಳಕು, ಇಂಗಾಲ, ಆರೈಕೆಗಳನ್ನು ಪೂರ್ತಿಯಾಗಿ ಒಪ್ಪಿಕೊಳ್ಳುವುದು, ಮಂದ ಬೆಳಕೇ ಇರಲಿ ಎಂದಾದರೆ ನೆರಳಿನ ಗಿಡಗಳನ್ನು ಅವುಗಳ ರೂಪದಲ್ಲೇ ಬಯಸುವುದು. ಎರಡೂ ಸರಿಯಾದ ದಾರಿಗಳು. ಇವೆರಡರ ನಡುವೆ ನಿಂತು ಒಂದರ ಖರ್ಚಿನಲ್ಲಿ ಇನ್ನೊಂದರ ಫಲ ಕೊಡುವ ಗಿಡವನ್ನು ಹುಡುಕುತ್ತ ಹೋದರೆ ಮತ್ತೆಮತ್ತೆ ಸಾಯುವುದು ಗಿಡಗಳೇ.